ಹಿಂದಿನ ಸೀಟಿನ ತಟ್ಟು

ನನ್ನ ತಂಗಿ ವರ್ಲೀನಳಿಗೆ ಭಯ ಎಂಬುದನ್ನು ದೇವರು ಕೊಡಲೇ ಇಲ್ಲ. ಅವಳ ಪಾಲಿನದನ್ನೂ ಸೇರಿಸಿ ನನಗೇ ಸುರಿದುಬಿಟ್ಟ. ಅವಳು ಮೂವತ್ತು ವರ್ಷದಿಂದ ಶಾಲೆಯ ಬಸ್ಸು ಓಡಿಸುತ್ತಾಳೆ. ನಮ್ಮ ಬೆಟ್ಟದ ತಿರುವುಗಳಲ್ಲಿ ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಏನೂ ಇಲ್ಲ, ಬೆನ್ನ ಹಿಂದೆ ಬಸ್ಸಿನ ತುಂಬ ಕಿರುಚುವ ಮಕ್ಕಳು. ಅವಳು ಕನ್ನಡಿಯಲ್ಲಿ ಮಕ್ಕಳನ್ನು ಗದರಿಸುತ್ತ ಒಂದೇ ಕೈಯಲ್ಲಿ ಸ್ಟೇರಿಂಗ್ ತಿರುಗಿಸುತ್ತಾಳೆ. ನಾನೋ, ಏಣಿಯ ಎರಡನೇ ಮೆಟ್ಟಿಲಿಗೇ ತಲೆ ತಿರುಗುವವಳು. ಬಾಗಿಲ ಚಿಲಕ ಹಾಕಿದ ಮೇಲೂ ಎದ್ದು ಹೋಗಿ ಜಗ್ಗಿ ನೋಡುವವಳು. ಎಲ್ಲಕ್ಕಿಂತ ಹೆಚ್ಚಾಗಿ ಮೋಟರ್ ಸೈಕಲ್ ಎಂದರೆ ನನ್ನ ಜೀವ ಬಾಯಿಗೆ ಬರುತ್ತದೆ. ಅಂಥವಳು ಹುಟ್ಟಿದ್ದು ಉತ್ತರ ಕೆರೊಲಿನಾದ ಈ ಬೆಟ್ಟಗಳಲ್ಲಿ. ಇಲ್ಲಿ ಮೋಟರ್ ಸೈಕಲ್ ಇಲ್ಲದ ಮನೆ ಎಂದರೆ ಒಂದು ಪಾದ್ರಿಯದು, ಇನ್ನೊಂದು ನನ್ನದು. ಹೋದ ವರ್ಷ ಪಾದ್ರಿಯೂ ಒಂದು ಕೊಂಡ.

ವರ್ಲೀನಳ ಗಂಡ ರಾಯ್ಸ್ ಕಾಗದದ ಗಿರಣಿಯಲ್ಲಿ ದುಡಿದವನು. ದುಡಿದದ್ದು ಯಾಕೆ ಎಂದು ಕೇಳಿದರೆ, ರಜೆಯಲ್ಲಿ ಸುತ್ತುವುದಕ್ಕೆ ಎನ್ನುತ್ತಾನೆ. ಅವನದು ಬೀದಿಯಲ್ಲಿ ಭರ್ರೆಂದು ಓಡಾಡುವ ಪುಂಡರ ಬೈಕಲ್ಲ. ದೂರದ ಸವಾರಿಗೆಂದೇ ಮಾಡಿದ ಟೂರಿಂಗ್ ಬೈಕು: ಎರಡೂ ಪಕ್ಕ ಪೆಟ್ಟಿಗೆ, ಹಿಂದೆ ದೊಡ್ಡ ಡಬ್ಬಿ, ಮುಂದೆ ಗಾಳಿ ತಡೆಯುವ ಗಾಜು, ಹಿಂದೆ ಕೂರುವವಳಿಗೆ ಒರಗು ದಿಂಬು. ಆನೆಗೆ ಅಂಬಾರಿ ಕಟ್ಟಿದ ಹಾಗಿರುತ್ತದೆ. ಜೀವಮಾನದಲ್ಲಿ ಅವನು ಹೊಸದನ್ನು ಕೊಂಡವನಲ್ಲ. "ಹೊಸದು ತಗೊಳ್ಳೋನು ಮದುವೆ ಖರ್ಚು ಕೊಡೋ ಮಾವ ಇದ್ದ ಹಾಗೆ. ನಾನು ಅಳಿಯ ಆಗಿರ್ತೀನಿ," ಎನ್ನುತ್ತಿದ್ದ.

ಹಳೆಯ ಬೈಕು ನೋಡಲು ಹೋದರೆ ಅವನದೊಂದು ಪೂಜಾವಿಧಾನ. ಮಾರುವವನಿಗೆ ನಮಸ್ಕಾರ ಹೇಳುವ ಮೊದಲು ಇಂಜಿನ್ನಿನ ಮೇಲೆ ಅಂಗೈ ಇಡುತ್ತಾನೆ. ಬೆಚ್ಚಗಿದ್ದರೆ ಮುಗಿಯಿತು, ನಾವು ಬರುವ ಮೊದಲೇ ಇವನು ಸ್ಟಾರ್ಟ್ ಮಾಡಿ ಇಟ್ಟಿದ್ದಾನೆ, ತಣ್ಣಗಿದ್ದಾಗ ಏಳದ ಗಾಡಿ ಎಂದು ಅರ್ಥ. ಆಮೇಲೆ ಕನ್ನಡಕ ಹಾಕಿಕೊಂಡು ಮಂಡಿಯೂರಿ ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿ ಓದುತ್ತಾನೆ. ಎಷ್ಟನೇ ವಾರ, ಯಾವ ವರ್ಷ ಹುಟ್ಟಿದ ಟೈರು ಎಂಬುದು ಅಲ್ಲಿರುತ್ತದೆ. "ಟೈರಿಗೆ ವಯಸ್ಸಾಗೋದು ಓಡಿ ಅಲ್ಲ, ನಿಂತು," ಎನ್ನುವುದು ಅವನ ಮಾತು. ಇಡೀ ಕಣಿವೆಯವರು ಹಳೆಯ ಬೈಕು ಕೊಳ್ಳುವ ಮೊದಲು ಅವನನ್ನು ಕರೆದುಕೊಂಡು ಹೋಗುತ್ತಿದ್ದರು.

ಇಪ್ಪತ್ತೈದು ವರ್ಷ ವರ್ಲೀನ್ ಅವನ ಹಿಂದೆ ಕೂತಳು. ಗಾಳಿಯ ಸದ್ದಿನಲ್ಲಿ ಮಾತು ಕೇಳುವುದಿಲ್ಲವಲ್ಲ, ಅದಕ್ಕೆ ಇಬ್ಬರೂ ತಟ್ಟುವ ಭಾಷೆ ಮಾಡಿಕೊಂಡಿದ್ದರು. ಪಕ್ಕೆಯ ಮೇಲೆ ಒಂದು ತಟ್ಟು ಎಂದರೆ ನಿಧಾನ. ಎರಡು ಎಂದರೆ ನಿಲ್ಲಿಸು. ಭುಜ ಹಿಸುಕಿದರೆ ಅಲ್ಲಿ ನೋಡು, ಜಿಂಕೆ. ಒಂದೇ ಒಂದು ವಿಷಯಕ್ಕೆ ಮಾತ್ರ ರಾಯ್ಸ್ ರೇಗುತ್ತಿದ್ದ. ಬ್ರೇಕು ಹಾಕಿದಾಗ ಅವಳ ಹೆಲ್ಮೆಟ್ಟು ಅವನ ಹೆಲ್ಮೆಟ್ಟಿಗೆ ಟಕ್ಕೆಂದು ಬಡಿಯಬಾರದು.

"ತಲೆ ತಾಗಿಸಬೇಡ್ವೇ ಅಂತ ಎಷ್ಟು ಸಲ ಹೇಳ್ಲಿ? ಮಿದುಳು ಅಲ್ಲಾಡುತ್ತೆ."

"ಇದ್ರೆ ತಾನೇ ಅಲ್ಲಾಡೋದು," ಎನ್ನುತ್ತಿದ್ದಳು ನನ್ನ ತಂಗಿ.

ಆಮೇಲೆ ರಾಯ್ಸ್‌ನ ಕೈಗೆ ನಡುಕ ಬಂತು. ಮೊದಲು ಕಾಫಿ ಲೋಟದಲ್ಲಿ ಕಾಣಿಸಿತು. ಆಮೇಲೆ ಅಂಗಿಯ ಗುಂಡಿಯಲ್ಲಿ. ಡಾಕ್ಟರು ಅದಕ್ಕೊಂದು ಹೆಸರು ಕೊಟ್ಟರು, ಮಾತ್ರೆ ಕೊಟ್ಟರು, ಇದು ಹಿಂದಕ್ಕೆ ಹೋಗುವ ಕಾಯಿಲೆ ಅಲ್ಲ ಎಂದರು. ಒಂದು ದಿನ ಪೆಟ್ರೋಲ್ ಬಂಕಿನಲ್ಲಿ, ಹತ್ತು ಜನರ ಎದುರು, ಅವನ ಕೈ ಕ್ಲಚ್ಚನ್ನು ಸರಿಯಾಗಿ ಹಿಡಿಯಲಿಲ್ಲ; ಆ ಆನೆಯಂಥ ಬೈಕು ನಿಂತಲ್ಲೇ ಪಕ್ಕಕ್ಕೆ ಮಲಗಿತು. ವರ್ಲೀನಳ ಕಾಲು ಸ್ವಲ್ಪದರಲ್ಲಿ ತಪ್ಪಿತು. ರಾಯ್ಸ್ ಅಂದೇ ಬೀಗದ ಕೈಯನ್ನು ಅಡಿಗೆ ಮನೆಯ ಮೊಳೆಗೆ ನೇತು ಹಾಕಿದ. ಆಮೇಲೆ ಅವನು ದಿನಾ ಶೆಡ್ಡಿಗೆ ಹೋಗಿ ಬೈಕಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಏನೂ ಮಾಡುತ್ತಿರಲಿಲ್ಲ.

ವರ್ಲೀನ್ ಒಂದು ಚಳಿಗಾಲ ಅದನ್ನು ಸಹಿಸಿದಳು. ವಸಂತ ಬಂದಾಗ ತಾನೇ ಹೋಗಿ ಮೋಟರ್ ಸೈಕಲ್ ಕಲಿತು ಲೈಸೆನ್ಸ್ ತಂದು ಮೇಜಿನ ಮೇಲೆ ಇಟ್ಟಳು.

"ಇನ್ಮೇಲೆ ನಾನು ಓಡಿಸ್ತೀನಿ. ನೀನು ಹಿಂದೆ ಕೂತ್ಕೋ."

ರಾಯ್ಸ್ ಲೈಸೆನ್ಸ್ ನೋಡಿದ. ಅವಳನ್ನು ನೋಡಿದ. "ನನ್ ಗಾಡಿ ನಿಂಗೆ ಎತ್ತರ ಆಗುತ್ತೆ. ಕಾಲು ನೆಲಕ್ಕೆ ಎಟುಕಲ್ಲ," ಎಂದಷ್ಟೇ ಹೇಳಿದ.

"ಹಾಗಿದ್ರೆ ತಗ್ಗಿರೋದು ಒಂದು ಹುಡುಕು. ನಿಂಗೆ ಬೇರೆ ಕೆಲಸ ಏನಿದೆ?"

ನಾನು ಅಂದು ರಾತ್ರಿ ಫೋನು ಮಾಡಿ ಅತ್ತೇಬಿಟ್ಟೆ. ನಮ್ಮಪ್ಪ ಅಮ್ಮ ಹೋದ ಮೇಲೆ ನನಗೆ ಅಂತ ಇರುವುದು ಈ ಒಬ್ಬಳು. "ಲೇ, ಐವತ್ತೆಂಟು ವರ್ಷಕ್ಕೆ ಇದೆಲ್ಲ ಬೇಕಾ? ಇಬ್ಬರೂ ಒಟ್ಟಿಗೆ ಸಾಯ್ತೀರ ಕಣೇ," ಎಂದೆ.

"ಅವನು ಶೆಡ್ಡಲ್ಲಿ ಕೂತು ಸಾಯ್ತಾ ಇದ್ದಾನಕ್ಕ. ಅದನ್ನ ನೋಡ್ತಾ ಇರೋಕೆ ನಂಗಾಗಲ್ಲ."

ಅವಳು ಹೋದ ಕಡೆಯೆಲ್ಲ ಹಿಂದೆ ನನ್ನ ಪಿಕಪ್ ಟ್ರಕ್ಕು ಬರುತ್ತದೆ ಎಂಬ ಷರತ್ತು ಹಾಕಿದೆ. ಬಿದ್ದರೆ ಎತ್ತುವುದಕ್ಕೆ ಯಾರಾದರೂ ಬೇಕಲ್ಲ.

ಅಕ್ಟೋಬರಿನಲ್ಲಿ, ಎಲೆ ಕೆಂಪಾಗುವ ಹೊತ್ತಿಗೆ, ಎರಡು ಕಣಿವೆ ಆಚೆ ಒಂದು ಬೈಕು ಇದೆ ಎಂದು ಸುದ್ದಿ ಬಂತು. ಮೂವರೂ ನನ್ನ ಪಿಕಪ್ಪಿನಲ್ಲಿ ಹೋದೆವು. ಮಾರುವವಳು ಇಮೊಜೀನ್ ಎಂಬ ಮುದುಕಿ. ಗಂಡ ಹಾರ್ಲನ್ ಸತ್ತು ಆರು ವರ್ಷ. ಬೈಕು ಅಂದಿನಿಂದ ಗರಾಜಿನಲ್ಲಿ ಹೊದಿಕೆಯ ಕೆಳಗಿತ್ತು, ತಿಂಗಳಿಗೊಮ್ಮೆ ಅವಳೇ ಸ್ಟಾರ್ಟ್ ಮಾಡಿ ನಿಲ್ಲಿಸುತ್ತಿದ್ದಳಂತೆ. ಅವಳು ಹೊದಿಕೆ ಎಳೆದಳು. ಕಡು ಕೆಂಪು ಬಣ್ಣ, ಒಂದು ಗೀರು ಇಲ್ಲ, ಸೀಟು ತಗ್ಗು. ವರ್ಲೀನ್ ಹತ್ತಿ ಕೂತಳು. ಎರಡೂ ಪಾದ ನೆಲದ ಮೇಲೆ ಪೂರಾ ಊರಿದವು.

"ನಿಮ್ಮ ಯಜಮಾನ್ರು ಹೋಗಿದ್ದು ಇದರ ಮೇಲೇನಾ?" ಎಂದು ಕೇಳಿದೆ. ಕೇಳಬಾರದಿತ್ತು, ಆದರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ.

"ಇಲ್ಲಮ್ಮ. ಟೀವಿ ಮುಂದೆ. ಸೋಫಾ ಬೇಕಾದ್ರೆ ಅದನ್ನೂ ಮಾರ್ತೀನಿ," ಎಂದಳು ಇಮೊಜೀನ್.

ರಾಯ್ಸ್‌ಗೆ ಹಳೆಯ ಕಳೆ ಬಂದಿತ್ತು. ನಡುಗುವ ಅಂಗೈಯನ್ನು ಇಂಜಿನ್ನಿನ ಮೇಲಿಟ್ಟ. ತಣ್ಣಗಿತ್ತು. ಸ್ಟಾರ್ಟ್ ಮಾಡಿಸಿದ; ಬೆಕ್ಕು ಗುರುಗುಟ್ಟಿದ ಹಾಗೆ ಎದ್ದಿತು. ಬ್ರೇಕಿನ ಎಣ್ಣೆ ನೋಡಿದ. ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿದ. ಕಪ್ಪಗೆ ಹೊಳೆಯುತ್ತಿತ್ತು, ಮೇಲಿನ ಗೆರೆಗಳು ಸವೆಯದೆ ಆಳವಾಗಿದ್ದವು. ಕನ್ನಡಕಕ್ಕೆ ಜೇಬಿಗೆ ಕೈ ಹಾಕುತ್ತ ಅಂಕಿ ಓದಲೆಂದು ಬಗ್ಗಿದ. ಆಗ ಕಣ್ಣಿಗೆ ಬಿದ್ದದ್ದು ಗಂಟೆ.

ಹೆಬ್ಬೆರಳಿನ ಉಗುರಿನಷ್ಟೇ ಇರುವ ಗಂಟೆ ಅದು, ಬೈಕಿನ ಹೊಟ್ಟೆಯ ಕೆಳಗೆ, ರಸ್ತೆಗೆ ಹತ್ತಿರವಾಗಿ ತೊಗಲಿನ ದಾರದಲ್ಲಿ ತೂಗುತ್ತಿತ್ತು. ನಮ್ಮ ಸವಾರರೆಲ್ಲ ಒಂದೊಂದು ಕಟ್ಟಿರುತ್ತಾರೆ. ರಸ್ತೆಯಲ್ಲಿ ಕಾದು ಕೂತಿರುವ ಕುಳ್ಳ ಪಿಶಾಚಿಗಳು ಗಾಡಿಗೆ ಹತ್ತಿಕೊಂಡರೆ ಆ ಗಂಟೆಯೊಳಗೆ ಸಿಕ್ಕಿಬಿದ್ದು, ಅದರ ಸದ್ದಿಗೆ ತಲೆ ಕೆಟ್ಟು ಉದುರಿಹೋಗುತ್ತವಂತೆ. ಆದರೆ ಗಂಟೆಯನ್ನು ತಾನೇ ಕೊಂಡು ಕಟ್ಟುವ ಹಾಗಿಲ್ಲ, ಯಾರಾದರೂ ಪ್ರೀತಿಯಿಂದ ಕೊಡಬೇಕು. ಗಾಡಿ ಮಾರಿದರೆ ಬಿಚ್ಚಿಟ್ಟುಕೊಳ್ಳಬೇಕು.

"ಅದೂ ಗಾಡಿ ಜೊತೆಗೇ ಬರುತ್ತೆ ಕಣಪ್ಪ. ನಾನಿಟ್ಕೊಂಡು ಏನ್ ಮಾಡ್ಲಿ?" ಎಂದಳು ಇಮೊಜೀನ್.

ರಾಯ್ಸ್ ಬೆಂಕಿ ಮುಟ್ಟಿದವನಂತೆ ಹಿಂದೆ ಸರಿದ. "ಅಯ್ಯಯ್ಯೋ, ಹಾಗನ್ಬೇಡಿ ಇಮೊಜೀನಮ್ಮ! ಗಂಟೆ ಮಾರೋ ಹಾಗಿಲ್ಲ. ಮಾರಿದ್ರೆ ಒಳಗೆ ಸೇರ್ಕೊಂಡಿರೋದೆಲ್ಲ ತಗೊಂಡೋರ ಮೇಲೆ ಬರುತ್ತೆ."

"ಹಾರ್ಲನ್ ಇದನ್ನೆಲ್ಲ ನಂಗೆ ಹೇಳೇ ಇಲ್ವಲ್ಲ," ಎಂದು ಅವಳೂ ಗಾಬರಿಯಾದಳು. ನಾನು ಪಿಶಾಚಿ ನಂಬುವವಳಲ್ಲ, ಆದರೆ ಹೆದರುವುದಕ್ಕೆ ನಂಬಿಕೆ ಯಾಕೆ ಬೇಕು? ಬಿಚ್ಚಿ, ಬಿಚ್ಚಿ ಎಂದು ನಾನೇ ಎಲ್ಲರಿಗಿಂತ ಜೋರಾಗಿ ಕೂಗಿದೆ. ರಾಯ್ಸ್‌ನ ಬೆರಳಿಗೆ ಗಂಟು ಸಿಗಲಿಲ್ಲ. ಕೊನೆಗೆ ಆ ಮುದುಕಿಯೇ ಮಂಡಿಯೂರಿ, ಹಲ್ಲು ಕಚ್ಚಿ, ಬಿಚ್ಚಿದಳು. ಗಂಟೆಯನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದಳು. ಆಮೇಲೆ ವರ್ಲೀನಳ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಸಿದಳು.

"ಇದು ದುಡ್ಡಿಗಲ್ಲ ಕಣಮ್ಮ. ನಾನು ಕೊಡ್ತಿರೋದು. ಹುಷಾರಾಗಿ ಹೋಗ್ಬಿಟ್ಟು ಬಾ."

ಅವಳು ಅತ್ತಳು, ವರ್ಲೀನ್ ಅವಳನ್ನು ತಬ್ಬಿಕೊಂಡಳು, ನಾನೂ ಅತ್ತೆ. ಇಮೊಜೀನ್ ಒಳಗೆ ಕರೆದು ಸೇಬಿನ ಕಡುಬು ಕೊಟ್ಟಳು. ಕಾಗದಪತ್ರ ಮುಗಿಯಿತು, ವರ್ಲೀನ್ ಗಂಟೆಯನ್ನು ಮತ್ತೆ ಅದೇ ಜಾಗಕ್ಕೆ ಕಟ್ಟಿದಳು. ಆ ಗಡಿಬಿಡಿಯಲ್ಲಿ ರಾಯ್ಸ್‌ನ ಕನ್ನಡಕ ಜೇಬಿನಿಂದ ಹೊರಗೆ ಬರಲೇ ಇಲ್ಲ. ಅದು ಅಂದು ನಮ್ಮ ಯಾರ ಗಮನಕ್ಕೂ ಬರಲಿಲ್ಲ.

ವಾಪಸು ಬರುವಾಗ ವರ್ಲೀನ್ ಮುಂದೆ, ರಾಯ್ಸ್ ಅವಳ ಬೆನ್ನಿಗೆ. ಹಿಂದೆ ಪಿಕಪ್ಪಿನಲ್ಲಿ ನಾನು, ಪ್ರತಿ ತಿರುವಿಗೂ ಹಾರ್ನ್ ಹೊಡೆಯುತ್ತ. ಬೆಟ್ಟದ ನೆತ್ತಿಯ ಮೇಲೆ ಹಾಯುವ ದಾರಿ ಅದು. ಬಿಸಿಲು ಚೆನ್ನಾಗಿತ್ತು, ನನ್ನ ಕಣ್ಣು ಮಾತ್ರ ರಾಯ್ಸ್‌ನ ಕೈಯ ಮೇಲೇ ಇತ್ತು. ಅದು ವರ್ಲೀನಳ ಪಕ್ಕೆಯ ಮೇಲೆ ಬಿಡದೆ ಕುಟುಕುಟು ಎನ್ನುತ್ತಿತ್ತು. ಅವಳು ನಿಧಾನ ಮಾಡುವಳು, ಮತ್ತೆ ಓಡಿಸುವಳು, ಮತ್ತೆ ನಿಧಾನ ಮಾಡುವಳು. ಎರಡು ಸಲ ಸುಮ್ಮಸುಮ್ಮನೆ ನಿಂತೇಬಿಟ್ಟಳು. ಕಣಿವೆ ನೋಡಲೆಂದು ಗಾಡಿ ನಿಲ್ಲಿಸುವ ಒಂದು ಜಾಗದಲ್ಲಿ ಇಳಿದಾಗ ಇಬ್ಬರ ಮುಖವೂ ಊದಿಕೊಂಡಿತ್ತು.

"ನೀನು ತಟ್ತಾ ಇದ್ದೀಯೋ, ಕೈ ನಡುಗ್ತಾ ಇದೆಯೋ ನಂಗೆ ಹೇಗೆ ಗೊತ್ತಾಗ್ಬೇಕು?" ಎಂದಳು ವರ್ಲೀನ್.

ಕಿವಿಯಲ್ಲಿ ಹಾಕಿಕೊಂಡು ಮಾತಾಡುವ ಯಂತ್ರವನ್ನು ಅವರು ಮೊದಲೇ ಪ್ರಯತ್ನಿಸಿ ಬಿಟ್ಟಿದ್ದರು. ಕಾಯಿಲೆ ರಾಯ್ಸ್‌ನ ದನಿಯನ್ನೂ ಹಿಡಿದಿತ್ತು, ಅವನ ಮಾತು ಗಾಳಿಯಲ್ಲಿ ಸಿಕ್ಕುತ್ತಲೇ ಇರಲಿಲ್ಲ. ಅವನು ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡ.

"ಎಲ್ಲಾ ನಡುಕಾನೇ. ಲೆಕ್ಕಕ್ಕೆ ಇಟ್ಕೋಬೇಡ. ನಿನ್ ಪಾಡಿಗೆ ನೀನು ಓಡ್ಸು."

"ಖಂಡಿತಾನಾ?"

"ಹೂಂ ಅಂದ್ನಲ್ಲ. ಮೂಟೆ ಹೇರ್ಕೊಂಡಿದ್ದೀನಿ ಅಂದ್ಕೋ."

ಅವನ ಮುಖ ನೋಡಲಾರದೆ ನಾನು ಪಿಕಪ್ಪಿಗೆ ಹೋಗಿ ಕೂತೆ.

ಅಲ್ಲಿಂದ ಇಳಿಜಾರು. ವರ್ಲೀನ್ ಈಗ ಧೈರ್ಯವಾಗಿ, ಲಯ ಹಿಡಿದು ಓಡಿಸುತ್ತಿದ್ದಳು. ಸುರಂಗ ದಾಟಿದೆವು. ಅದರಾಚೆಯ ಉದ್ದನೆಯ ಇಳಿತದಲ್ಲಿ ನನ್ನ ಮುಂದಿನ ಗಾಜಿಗೆ ಏನೋ ಟಪ್ಪೆಂದು ಬಡಿಯಿತು. ಎಲೆ ಅಂದುಕೊಂಡೆ. ಮತ್ತೊಂದು ಬಂತು. ಕಪ್ಪಗಿತ್ತು. ಮೂರನೆಯದು ಬಂದಾಗ ತಿಳಿಯಿತು: ರಬ್ಬರು. ಅವರ ಹಿಂದಿನ ಟೈರು ಚೂರು ಚೂರಾಗಿ ಕಿತ್ತು ಬರುತ್ತಿತ್ತು.

ಹಾರ್ನ್ ಒತ್ತಿದೆ. ಕೈ ತೆಗೆಯದೆ ಒತ್ತಿದೆ. ವರ್ಲೀನ್ ಎಡಗೈ ಎತ್ತಿ ಬೀಸಿದಳು, ಸರಿ ಕಣಕ್ಕ, ಗೊತ್ತಾಯ್ತು ಎಂಬ ಹಾಗೆ. ಬೆಳಗಿನಿಂದ ಪ್ರತಿ ತಿರುವಿಗೂ ಹೊಡೆದ ಹಾರ್ನ್ ಅಲ್ಲವೇ ಅದು? ತೋಳ ಬಂತು ತೋಳ ಎಂದವನ ಕಥೆ ನನ್ನದಾಯಿತು.

ರಾಯ್ಸ್ ಆ ಚಕ್ರದ ಮೇಲೇ ಕೂತವನು. ನನಗಿಂತ ಮೊದಲೇ ಅವನಿಗೆ ತಿಳಿದಿರಬೇಕು. ಅವನ ಕೈ ಅವಳ ಪಕ್ಕೆಯನ್ನು ಬಡಿಯುತ್ತಿತ್ತು. ಎರಡು, ಎರಡು, ಎರಡು. ನನಗೆ ಕಾಣುತ್ತಿತ್ತು, ಅದು ನಡುಕವಲ್ಲ. ಆದರೆ ನನ್ನ ತಂಗಿ ಅವನ ಮಾತಿಗೆ ಬೆಲೆ ಕೊಟ್ಟು ಬೆನ್ನನ್ನು ಕಲ್ಲು ಮಾಡಿಕೊಂಡಿದ್ದಳು. ಅವಳು ನಿಧಾನ ಮಾಡಲಿಲ್ಲ. ಮುಂದೆ ಎಡಕ್ಕೆ ಬಾಗುವ ತಿರುವು, ಅದರಾಚೆ ಬರೀ ಆಕಾಶ. ಬೈಕಿನ ಹಿಂಭಾಗ ನಾಯಿ ಬಾಲದಂತೆ ಆಚೆ ಈಚೆ ಆಡತೊಡಗಿತು. ದೇವರೇ, ದೇವರೇ ಎಂದು ಕೂಗಿಕೊಂಡೆ. ಬೇರೆ ಯಾವ ಪ್ರಾರ್ಥನೆಯೂ ಬಾಯಿಗೆ ಬರಲಿಲ್ಲ.

ಆಗ ರಾಯ್ಸ್ ದಿಂಬಿನಿಂದ ಮುಂದಕ್ಕೆ ಬಾಗಿದ. ತಲೆ ಹಿಂದಕ್ಕೆ ಎಳೆದು ತನ್ನ ಹೆಲ್ಮೆಟ್ಟಿನಿಂದ ಅವಳ ಹೆಲ್ಮೆಟ್ಟನ್ನು ಗುದ್ದಿದ. ಎರಡು ಸಲ. ಇಪ್ಪತ್ತೈದು ವರ್ಷ ಬೈದು ಬೈದು ಬೇಡ ಎಂದದ್ದನ್ನು ಅವನು ಬೇಕೆಂದೇ ಮಾಡಿದ. ವರ್ಲೀನಳ ಬೆನ್ನು ತಟ್ಟನೆ ನೆಟ್ಟಗಾಯಿತು. ಅವಳು ಹಿಂದಿನ ಬ್ರೇಕು ತುಳಿಯಲಿಲ್ಲ. ಆಕ್ಸಿಲರೇಟರು ಸಡಿಲಿಸಿ, ನೇರ ಹಿಡಿದು, ಮುಂದಿನ ಬ್ರೇಕನ್ನು ಮೊಟ್ಟೆ ಹಿಡಿದ ಹಾಗೆ ಹಿಡಿಯುತ್ತ, ಆ ಜಾರುವ ಬೈಕನ್ನು ತಿರುವಿಗೆ ಮೊದಲೇ ಹುಲ್ಲಿನ ಅಂಚಿಗೆ ತಂದು ನಿಲ್ಲಿಸಿದಳು. ಎರಡೂ ಪಾದ ಊರಿದಳು. ಬೈಕು ಬೀಳಲಿಲ್ಲ.

ನಾನು ಪಿಕಪ್ಪು ನಿಲ್ಲಿಸಿ ಇಳಿದೆ. ಬಾಗಿಲೂ ಮುಚ್ಚದೆ ಓಡಿದೆ. ಹಿಂದಿನ ಟೈರಿನ ಮೇಲ್ಪದರ ಅಂಗೈಯಗಲ ಎದ್ದುಹೋಗಿತ್ತು, ಒಳಗಿನ ನೂಲು ಕಾಣುತ್ತಿತ್ತು. ರಾಯ್ಸ್ ಹುಲ್ಲಿನ ಮೇಲೆ ಮಂಡಿಯೂರಿ ಕನ್ನಡಕ ಹಾಕಿಕೊಂಡ. ಎರಡು ಸಲ ಜಾರಿತು, ಮೂರನೆಯ ಸಲ ಕೂತಿತು. ಅಂಕಿ ಓದಿದ. ಹದಿನಾಲ್ಕು ವರ್ಷದ ಟೈರು.

"ನನ್ ಬಸ್ಸಿನ ಎಷ್ಟೋ ಮಕ್ಳು ಆಗ ಹುಟ್ಟೇ ಇರ್ಲಿಲ್ಲ," ಎಂದಳು ವರ್ಲೀನ್.

"ಊರೋರ ಟೈರೆಲ್ಲ ನೋಡ್ದೆ," ಎಂದ ರಾಯ್ಸ್. "ನಿಂದು ನೋಡ್ಲಿಲ್ಲ. ಗಂಟೆಗೆ ಹೆದರ್ಕೊಂಡು ಕೂತೆ."

ಅವನು ಎದ್ದಿರಲಿಲ್ಲ. ವರ್ಲೀನ್ ಅವನ ಪಕ್ಕದಲ್ಲಿ ಹುಲ್ಲಿನ ಮೇಲೆ ಕೂತಳು. "ಮೂಟೆ ಅಂತ ಹೇಳ್ದೆಯಲ್ಲ ನೀನು," ಎಂದಳು. "ಮೂಟೆ ಗುದ್ದುತ್ತಾ?"

"ತಲೆಯಲ್ಲಿ ಹೇಳಿದ್ರೆ ಕೇಳ್ತೀಯಾ ಇನ್ಮೇಲೆ?"

"ಒಂದು ಅಂದ್ರೆ ನಿಧಾನ. ಎರಡು ಅಂದ್ರೆ ನಿಲ್ಸು."

"ಮಿದುಳು ಅಲ್ಲಾಡುತ್ತೆ ಅಂತ ನೀನು ಬಯ್ಬಾರ್ದು," ಎಂದ ರಾಯ್ಸ್.

"ಇದ್ರೆ ತಾನೇ," ಎಂದಳು ನನ್ನ ತಂಗಿ, ಮತ್ತು ಅವನ ತೋಳಿಗೆ ಮುಖ ಒತ್ತಿಕೊಂಡಳು.

ಹೊಸ ಟೈರು ಎರಡೂ ಹಾಕಿಸಿದರು. ಗಂಟೆ ಹಾಗೇ ಇದೆ. ಅದೇ ಕಾಪಾಡಿತು ಎನ್ನುತ್ತಾನೆ ರಾಯ್ಸ್, ಅದೇ ಕೊಲ್ಲುತ್ತಿತ್ತು ಎನ್ನುತ್ತೇನೆ ನಾನು. ಅಂದಿನಿಂದ ಪ್ರತಿ ತಿಂಗಳೂ ಅವರು ಎಲ್ಲಿಗಾದರೂ ಹೋಗುತ್ತಾರೆ, ನಾನು ಹಿಂದೆ ಹೋಗುತ್ತೇನೆ. ಹಾರ್ನ್ ಹೊಡೆಯುವುದನ್ನು ಬಿಟ್ಟಿದ್ದೇನೆ, ನಾಲಿಗೆ ಕಚ್ಚಿಕೊಂಡು. ಎರಡು ಹೆಲ್ಮೆಟ್ಟುಗಳ ನಡುವಿನ ಅಂತರ ನೋಡುತ್ತಿರುತ್ತೇನೆ. ಅವನ ಕೈ ಏನು ಬೇಕಾದರೂ ಮಾಡಿಕೊಳ್ಳಲಿ, ತಲೆ ಅವನ ಮಾತು ಕೇಳುತ್ತದೆ ಎಂಬುದು ನಮಗೆ ಮೂವರಿಗೂ ಧೈರ್ಯವಾಗಿತ್ತು.

ಕಳೆದ ಭಾನುವಾರ ಚರ್ಚು ಮುಗಿಸಿ ನಮ್ಮ ಮನೆಯಲ್ಲಿ ಊಟ. ಬೀನ್ಸ್ ಕಾಳು, ಮೆಕ್ಕೆಜೋಳದ ಬ್ರೆಡ್ಡು ಮಾಡಿದ್ದೆ. ಪ್ರಾರ್ಥನೆಗೆ ತಲೆ ಬಗ್ಗಿಸಿದೆವು. ನಾನು ಪ್ರಾರ್ಥನೆಯಲ್ಲೂ ಒಂದು ಕಣ್ಣು ತೆರೆದಿಡುವವಳು, ಒಲೆಯ ಮೇಲೆ ಏನಾದರೂ ಹತ್ತಿದರೆ ಎಂದು. ಎದುರಿಗೆ ರಾಯ್ಸ್ ಕಣ್ಣು ಮುಚ್ಚಿ ಕೂತಿದ್ದ. ಅವನ ತಲೆ ಸಣ್ಣಗೆ ಅಲ್ಲಾಡುತ್ತಿತ್ತು. ಹೌದು, ಹೌದು, ಹೌದು ಎನ್ನುವವನ ಹಾಗೆ, ಅವನ ಕೈಯಂತೆಯೇ ನಿಲ್ಲದೆ.

ಪಕ್ಕಕ್ಕೆ ನೋಡಿದೆ. ವರ್ಲೀನಳ ಕಣ್ಣೂ ತೆರೆದಿತ್ತು. ಅವಳೂ ಅದನ್ನೇ ನೋಡುತ್ತಿದ್ದಳು. ನನ್ನ ತಂಗಿಯ ಮುಖದಲ್ಲಿ ಭಯವನ್ನು ನಾನು ನೋಡಿದ್ದು ಅದೇ ಮೊದಲು. ದೇವರು ಅವಳ ಪಾಲನ್ನು ನನಗೆ ಕೊಟ್ಟಿರಲಿಲ್ಲ, ತೆಗೆದಿಟ್ಟಿದ್ದ.

"ಆಮೆನ್," ಎಂದ ರಾಯ್ಸ್, ಕಣ್ಣು ತೆರೆದು ನಮ್ಮಿಬ್ಬರನ್ನೂ ನೋಡಿದ. "ಏನಾಯ್ತು?"

"ಏನಿಲ್ಲ," ಎಂದಳು ವರ್ಲೀನ್. ಅವನ ತಟ್ಟೆಗೆ ಬ್ರೆಡ್ಡು ಹಾಕಿ ಬೆಣ್ಣೆ ಸವರಿದಳು. "ಮುಂದಿನ ತಿಂಗಳು ಬೇಡ. ಊಟ ಆದ್ಮೇಲೆ ಇವತ್ತೇ ಹೊರಡೋಣ. ಎಲ್ಲಿಗಾದ್ರೂ, ದೂರ." ಆಮೇಲೆ ನನ್ನ ಕಡೆ ತಿರುಗಿದಳು. "ಅಕ್ಕಾ, ನೀನು ಬರ್ತೀಯ ತಾನೇ ಹಿಂದೆ?"

ನಾನು ಎದ್ದು ಒಲೆ ಆರಿಸಿ, ಪಿಕಪ್ಪಿನ ಬೀಗದ ಕೈ ತೆಗೆದುಕೊಂಡೆ.